ರೋಮ್ ಜ್ವರ ಹಿಡಿದ ಮಕ್ಕಳಿಗೆ ಯಾವ ಕಾದಂಬರಿ?

ಎಲ್ಲರಿಗೂ ನಮಸ್ಕಾರ. ನಿನ್ನೆ ಒಬ್ಬರು ಕೇಳಿದ್ದರು: ಮಗನಿಗೆ 10 ವರ್ಷ, ಸ್ಕೂಲಿನಲ್ಲಿ ರೋಮನ್ನರ ಪಾಠ ಆದಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ, ಓದಲು ಏನು ಕೊಡಲಿ ಅಂತ. ಇಂಗ್ಲೆಂಡಿನಲ್ಲಿ ಮಕ್ಕಳಿರುವ ಮನೆಗೆ ಈ ಜ್ವರ ಒಮ್ಮೆ ಬಂದೇ ಬರುತ್ತದೆ. ನಮ್ಮ ಮನೆಗೆ ಬಂದು ಆರು ವರ್ಷ ಆಯ್ತು, ಇನ್ನೂ ಇಳಿದಿಲ್ಲ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಮಗಳಿಗೆ 12 ತುಂಬಿದಾಗ ರಾಬರ್ಟ್ ಗ್ರೇವ್ಸ್ ಅವರ ‘ಐ, ಕ್ಲಾಡಿಯಸ್’ ಕೊಟ್ಟೆ. 1934ರ ಪುಸ್ತಕ. ಉಗ್ಗುವ, ಕುಂಟುವ ಕ್ಲಾಡಿಯಸ್‌ನನ್ನು ಮನೆಯವರೆಲ್ಲ ಪೆದ್ದ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅದರಿಂದಲೇ ಅವನ ಜೀವ ಉಳಿಯುತ್ತದೆ, ಕೊನೆಗೆ ಚಕ್ರವರ್ತಿಯೂ ಆಗುತ್ತಾನೆ. ಮಗಳು ಮೂವತ್ತು ಪುಟಕ್ಕೆ ಕೈಚೆಲ್ಲಿದಳು. “ಅಪ್ಪಾ, ಈ ಮನೇಲಿ ಎಷ್ಟು ಜನ ಜೂಲಿಯಾ?” ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಇಬ್ಬರೂ ವಂಶವೃಕ್ಷ ಬರೆಯಲು ಕೂತೆವು. ಡ್ರೂಸಸ್ ಒಬ್ಬನಲ್ಲ, ಅಗ್ರಿಪ್ಪಿನಾ ಒಬ್ಬಳಲ್ಲ. ಯಾರಿಗೆ ಯಾರು ವಿಷ ಹಾಕಿದರು ಅಂತ ಗುರುತು ಮಾಡಲು ಕೆಂಪು ಪೆನ್ ಬೇರೆ ಬೇಕಾಯ್ತು. ಅದ್ಭುತ ಪುಸ್ತಕವೇ, ಆದರೆ 16ರ ಮೇಲೆ ಕೊಡಿ.

ಚಕ್ರವರ್ತಿಗಳ ಕಥೆ ಬಿಟ್ಟು ಸಣ್ಣ ಜನರ ಕಥೆಯಿಂದ ಶುರು ಮಾಡಬೇಕಿತ್ತು ಅಂತ ಆಮೇಲೆ ಗೊತ್ತಾಯ್ತು. 10 ವರ್ಷದವನಿಗೆ ಕ್ಯಾರೊಲಿನ್ ಲಾರೆನ್ಸ್ ಅವರ ‘ರೋಮನ್ ಮಿಸ್ಟರೀಸ್’ ಸಾಕು. ಒಟ್ಟು 17 ಪುಸ್ತಕ. ಒಸ್ಟಿಯಾ ಬಂದರಿನ ನಾಲ್ಕು ಮಕ್ಕಳು ಕಳ್ಳರನ್ನು ಹಿಡಿಯುತ್ತಾರೆ. ಅವರಲ್ಲಿ ಒಬ್ಬಳು ಆಫ್ರಿಕಾದ ಗುಲಾಮ ಹುಡುಗಿ, ಒಬ್ಬ ಮಾತು ಬಾರದ ಭಿಕ್ಷುಕ ಹುಡುಗ. ಗುಲಾಮಗಿರಿಯ ಬಗ್ಗೆ ಮಕ್ಕಳು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ತಯಾರಾಗಿರಿ.

ನಂತರ ರೋಸ್ಮರಿ ಸಟ್‌ಕ್ಲಿಫ್, ‘ದಿ ಈಗಲ್ ಆಫ್ ದಿ ನೈಂತ್’ (1954). ಕಾಲಿಗೆ ಪೆಟ್ಟಾಗಿ ಸೈನ್ಯ ಬಿಟ್ಟ ಮಾರ್ಕಸ್, ತಾನೇ ಬಿಡುಗಡೆ ಮಾಡಿದ ಗುಲಾಮ ಎಸ್ಕಾ ಜೊತೆ, ಕಾಣೆಯಾದ ಒಂಬತ್ತನೇ ಲೀಜನ್ನಿನ (ರೋಮನ್ ಸೈನ್ಯದ ದೊಡ್ಡ ದಳ) ಹದ್ದು, ಅಂದರೆ ದಳದ ಲಾಂಛನ, ಹುಡುಕುತ್ತಾ ಬ್ರಿಟನ್ನಿನ ಉತ್ತರದಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಆಚೆ ಹೋಗುತ್ತಾನೆ. ಲೇಖಕಿ ಚಿಕ್ಕಂದಿನ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದವರು. ಮಾರ್ಕಸ್‌ನ ಕಾಲುನೋವು ಅಷ್ಟು ನಿಜ ಅನಿಸುವುದು ಅದಕ್ಕೇ ಇರಬೇಕು.

ಈ ಕಥೆ ಹುಟ್ಟಿಸಿದ ಕಂಚಿನ ಹದ್ದು ರೆಡಿಂಗ್ ಮ್ಯೂಸಿಯಂನಲ್ಲಿದೆ. 1866ರಲ್ಲಿ ಹತ್ತಿರದ ಸಿಲ್ಚೆಸ್ಟರ್‌ನಲ್ಲಿ ಅಗೆದಾಗ ಸಿಕ್ಕಿದ್ದು. ಮಗಳು ಗಾಜಿಗೆ ಮೂಗು ಒತ್ತಿ ನೋಡಿ, “ಇಷ್ಟೇನಾ? ರೆಕ್ಕೆನೂ ಇಲ್ಲ!” ಅಂದಳು. ನಿಜ, ಅಂಗೈ ಮೇಲೆ ಕೂರಿಸಬಹುದು. ಅದು ಸೈನ್ಯದ ಹದ್ದೇ ಅಲ್ಲ, ಯಾವುದೋ ವಿಗ್ರಹದ ತುಂಡು ಅಂತ ಈಗ ವಿದ್ವಾಂಸರು ಹೇಳುತ್ತಾರೆ. ಅಲ್ಲಿಂದ ಸಿಲ್ಚೆಸ್ಟರ್‌ಗೆ ಹೋಗಿ ರೋಮನ್ ಗೋಡೆ ಸುತ್ತಿ, ಡಬ್ಬಿಯಲ್ಲಿದ್ದ ಚಿತ್ರಾನ್ನ ಖಾಲಿ ಮಾಡಿ ಬಂದೆವು.

ಹೈಸ್ಕೂಲಿನವರಿಗೆ ರಾಬರ್ಟ್ ಹ್ಯಾರಿಸ್ ಅವರ ‘ಪಾಂಪೆ’ (2003). ನಾಯಕ ಕಾಲುವೆ ನೋಡಿಕೊಳ್ಳುವ ಎಂಜಿನಿಯರ್, ನಮ್ಮೂರ ನೀರುಗಂಟಿಯ ದೊಡ್ಡಣ್ಣ ಅನ್ನಿ. ನೀರು ಯಾಕೆ ನಿಂತಿತು ಅಂತ ಹುಡುಕಿಕೊಂಡು ಹೋದವನಿಗೆ ಸಿಗುವುದು ಬೆಂಕಿ ಉಗುಳಲು ಕಾಯುತ್ತಿರುವ ವೆಸುವಿಯಸ್ ಜ್ವಾಲಾಮುಖಿ! ಗ್ರೀಸ್ ಬೇಕಾದರೆ ಮೇರಿ ರೆನೋ ಅವರ ‘ದಿ ಕಿಂಗ್ ಮಸ್ಟ್ ಡೈ’ (1958). ಇಂಗ್ಲೆಂಡಿನಲ್ಲಿ ಹುಟ್ಟಿ 1948ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದವರು, ನಮ್ಮ ಹಾಗೇ ಅನಿವಾಸಿ. ಮ್ಯಾಡೆಲಿನ್ ಮಿಲ್ಲರ್ ಅವರ ‘ದಿ ಸಾಂಗ್ ಆಫ್ ಅಕಿಲೀಸ್’ ಈಗಿನ ಹುಡುಗರಿಗೆ ಜಾಸ್ತಿ ಇಷ್ಟ. ಪ್ರೇಮ, ರಕ್ತ ಎರಡೂ ಇವೆ, ಮೊದಲು ನೀವು ಓದಿ ಆಮೇಲೆ ಕೊಡಿ.

‘ಪಾಂಪೆ’ಯಲ್ಲಿ ರೋಮನ್ ಲೇಖಕ ಪ್ಲಿನಿ ಬರುತ್ತಾನೆ. ಇಂಡಿಯಾ ನಮ್ಮಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಎಳೆಯುತ್ತಿದೆ ಅಂತ ಗೊಣಗಿದವನು ಇವನೇ. ಮಗಳು ತಕ್ಷಣ “ಆಗ ನಾವೆಲ್ಲಿದ್ವಿ?” ಅಂದಳು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ ಅಂದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಕಥೆಯನ್ನೂ ಹೇಳಿದೆ. ಖಾರಿಟಿಯೋನ್ ಎಂಬ ಗ್ರೀಕ್ ಹುಡುಗಿ ಇಂಡಿಯಾದ ಕಡಲ ತೀರದಲ್ಲಿ ಸೆರೆಯಾಗಿರುತ್ತಾಳೆ. ಅವಳನ್ನು ಬಿಡಿಸಲು ಬಂದವರು ಅಲ್ಲಿನ ರಾಜನಿಗೆ ಚೆನ್ನಾಗಿ ಕುಡಿಸಿ ಮಲಗಿಸುತ್ತಾರೆ. ರಾಜನ ಕಡೆಯವರ ಮಾತು ಕನ್ನಡ ಅಂತ ಶಾಮಾಶಾಸ್ತ್ರಿಗಳಂಥ ವಿದ್ವಾಂಸರು ಓದಿದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. “ಇದರ ಮೇಲೆ ಕಾದಂಬರಿ ಇಲ್ವಾ?” ಅಂತ ಕೇಳಿದಳು. ಕನ್ನಡದಲ್ಲಿ ಮಕ್ಕಳಿಗಾಗಿ ಯಾರಾದರೂ ಬರೆದಿದ್ದರೆ ದಯವಿಟ್ಟು ತಿಳಿಸಿ.

ಮೇಲಿನವೆಲ್ಲ ನಮ್ಮ ಮನೆಯಲ್ಲಿವೆ. ಬೇಕಾದವರು ಹೇಳಿ, ಯುಗಾದಿ ಕಾರ್ಯಕ್ರಮಕ್ಕೆ ತರುತ್ತೇನೆ. ‘ಕ್ಲಾಡಿಯಸ್’ ತೆಗೆದುಕೊಳ್ಳುವವರು ಒಳಗಿರುವ ಕ್ಯಾಲೆಂಡರ್ ಹಾಳೆ ಮಾತ್ರ ಕಳೆಯಬೇಡಿ.