ಕೊಡಚಾದ್ರಿಗೆ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

ನವೆಂಬರಿನಲ್ಲಿ ಶಿವಮೊಗ್ಗದಿಂದ ಹೊರಟಿದ್ದೇವೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತೋಕೆ ಆಗಲ್ಲ. ಜೀಪ್ ಎಲ್ಲಿಯವರೆಗೆ ಹೋಗುತ್ತದೆ? ಸುತ್ತಲಿನ ಊರುಗಳಲ್ಲಿ ನೋಡುವಂಥದ್ದು ಏನಿದೆ?

ಹೊಸನಗರದವ: ಮೂಲ ಮೂಕಾಂಬಿಕಾ ದೇವಸ್ಥಾನದ ಹತ್ತಿರದವರೆಗೆ ಜೀಪ್ ಹೋಗುತ್ತದೆ. ನಿಟ್ಟೂರಿನಲ್ಲೂ ಸಿಗುತ್ತದೆ, ಕೊಲ್ಲೂರಿನಲ್ಲೂ ಸಿಗುತ್ತದೆ. ಆದರೆ ಅದನ್ನು ರಸ್ತೆ ಅನ್ನೋದೇ ಕಷ್ಟ, ಬರೀ ಕಲ್ಲು ಗುಂಡಿ, ಕೂತವರು ಸೀಟಿಗಿಂತ ಗಾಳಿಯಲ್ಲಿ ಇರುವುದೇ ಜಾಸ್ತಿ, ಹಾಗಾಗಿ ಅಮ್ಮನಿಗೆ ಬೆನ್ನು ನೋವೂ ಇದ್ದರೆ ಇನ್ನೊಮ್ಮೆ ಯೋಚನೆ ಮಾಡಿ. ಅಲ್ಲಿಂದ ಬೆಟ್ಟದ ತುದಿಯ ಸರ್ವಜ್ಞಪೀಠಕ್ಕೆ ನಡೆದೇ ಹತ್ತಬೇಕು. ಬೆಟ್ಟ 1343 ಮೀಟರ್ ಎತ್ತರ, ಸಂಜೆ ಗಾಳಿ ಜೋರು. ಅಮ್ಮ ದೇವಸ್ಥಾನದ ಹತ್ತಿರವೇ ಕೂರಲಿ. ಅಲ್ಲಿರುವ ಕಬ್ಬಿಣದ ಕಂಬ ತೋರಿಸಿ.

ಅಡಿಕೆ ತೋಟ: ನಗರ ಅನ್ನೋ ಊರಿಗೆ ಹೋಗದೆ ವಾಪಸ್ ಬರಬೇಡಿ ಮಾರಾಯ್ರೇ. ಹಳೇ ಬಿದನೂರು ಅದೇ, ಕೆಳದಿ ಅರಸರ ರಾಜಧಾನಿ, 1763ರಲ್ಲಿ ಹೈದರಾಲಿ ಗೆದ್ದುಕೊಂಡ. ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಹತ್ತಿರದ ದೇವಗಂಗೆ ಕೊಳಗಳಿಗೆ ಜನ ಕಡಿಮೆ, ನನಗಂತೂ ಕೋಟೆಗಿಂತ ಅದೇ ಇಷ್ಟ. ಹಿಡ್ಲುಮನೆ ಜಲಪಾತ ಮಾತ್ರ ಮಂಡಿ ನೋವಿನವರಿಗೆ ಬೇಡವೇ ಬೇಡ.

ಸೊರಬದ ಅಕ್ಕ: ಕಾಡೊಳಗೆ ಹೋಗುವವರು ಉದ್ದ ಪ್ಯಾಂಟ್ ಹಾಕಿ. ಉಂಬಳಕ್ಕೆ (ಜಿಗಣೆ) ಉಪ್ಪು ಸಾಕು. ಪ್ರವಾಸ ಮುಂದಕ್ಕೆ ಹೋಗಿ ಬೇಸಿಗೆಗೆ ಬಂದರೆ ಉಣುಗಿನ (ಉಣ್ಣೆ ಹುಳ) ಬಗ್ಗೆ ಹುಷಾರು, ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಆ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಕ್ಯಾಸನೂರು ಕಾಡಿನಲ್ಲೇ ಅಲ್ವಾ. ಮತ್ತೆ, ಇದು ಮೂಕಾಂಬಿಕಾ ಅಭಯಾರಣ್ಯ, ಪ್ಲಾಸ್ಟಿಕ್ ಎಸೆಯಬೇಡಿ.

ಕೇಳಿದವರು: ಥ್ಯಾಂಕ್ಸ್. ಅಮ್ಮನಿಗೆ ಜೀಪ್ ವಿಷಯ ಹೇಳಿದೆ, ಆದರೂ ಬರ್ತೀನಿ ಅಂತಿದ್ದಾರೆ.