ಸಹಾಯ ಬೇಕು: ಸೀರಿಯಲ್ ಹೊತ್ತಿನಲ್ಲಿ ಮಗುವನ್ನು ಟಿವಿಯಿಂದ ದೂರ ಇಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೂರು ವರ್ಷ. ಮನೆಯಲ್ಲಿ ಒಂದೇ ಹಾಲ್, ಟಿವಿಯೂ ಅಲ್ಲೇ. ಸಂಜೆಯಾದರೆ ಅತ್ತೆಯವರ ಸೀರಿಯಲ್‌ಗಳು ಸಾಲಾಗಿ ಶುರು. ಮಗಳು ಆಟ ಬಿಟ್ಟು ಬಾಯಿ ತೆರೆದುಕೊಂಡು ಕೂರುತ್ತಾಳೆ. ಟಿವಿ ಇಲ್ಲದೆ ತುತ್ತು ಇಳಿಯುವುದಿಲ್ಲ. ಈಚೆಗೆ ಗೊಂಬೆಗೆ ಬೆರಳು ತೋರಿಸಿ 'ಈ ಮನೆಯಿಂದ ಆಚೆ ಹೋಗು' ಅಂತ ಗದರುತ್ತಾಳೆ. ಮೊದಲು ನಗು ಬಂತು, ಆಮೇಲೆ ಯೋಚನೆ ಹತ್ತಿತು.

2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಟಿವಿ ಸುಮ್ನೆ ಓಡುತ್ತಿದ್ದರೂ ದೊಡ್ಡವರು ಮಗುವಿನ ಜೊತೆ ಮಾತಾಡುವುದು ಕಡಿಮೆಯಾಗುತ್ತದಂತೆ. ನಮ್ಮನೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಆದರೆ ಇಡೀ ದಿನ ಮಗುವನ್ನು ನೋಡಿಕೊಳ್ಳುವ ಅತ್ತೆಗೆ ಸಿಗುವ ಬಿಡುವು ಈ ಸೀರಿಯಲ್ ಹೊತ್ತೊಂದೇ. ಟಿವಿ ಆಫ್ ಮಾಡಿ ಅನ್ನುವುದು ನ್ಯಾಯವಲ್ಲ, ಅಲ್ವಾ? ಕೂಡು ಕುಟುಂಬದಲ್ಲಿ ಇದನ್ನು ನಿಭಾಯಿಸಿದವರು ಏನು ಮಾಡಿದಿರಿ? ಅತ್ತೆಗೆ ಬ್ಲೂಟೂತ್ ಹೆಡ್‌ಫೋನ್ ಕೊಟ್ಟರೆ ಪ್ರಯೋಜನವಿದೆಯಾ, ಚಿತ್ರ ಕಂಡರೆ ಸಾಕು ಅಂತ ಮಗು ಅಲ್ಲೇ ಕೂರುತ್ತದಾ? ಊಟಕ್ಕೆ ಟಿವಿ ಬಿಡಿಸಿದವರು ಮೊದಲ ವಾರದ ಹಟವನ್ನು ಹೇಗೆ ತಡೆದುಕೊಂಡಿರಿ? 'ಸ್ವಲ್ಪ ಸ್ಟ್ರಿಕ್ಟ್ ಆಗಿ' ಅನ್ನುವ ಉತ್ತರ ಮಾತ್ರ ಬೇಡ. ಅದನ್ನು ಮದುವೆಯಾಗದ ನಮ್ಮಣ್ಣ ಆಗಲೇ ಕೊಟ್ಟಿದ್ದಾನೆ.