'ಕೂದಲೆಳೆ ಅಂತರ', 'ಕೊರತೆ': ವಿಮಾನ ಸುದ್ದಿಗೆ ಈ ಪದಗಳು ಸಾಕೇ?

ಗೆಳೆಯರೇ,

ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ಕೊರತೆ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 'ವಾಯು ಸಂಚಾರ ನಿಯಂತ್ರಕ' ಪತ್ರಿಕೆಗಳಲ್ಲಿ ಆಗಲೇ ನೆಲೆಯೂರಿದೆ, ಅದಕ್ಕೆ ನನ್ನ ತಕರಾರಿಲ್ಲ. ತೊಡಕು ಬರುವುದು ಅವರ ಕೆಲಸವನ್ನು ಕನ್ನಡದಲ್ಲಿ ಹೇಳಹೊರಟಾಗ.

ಆ ಕೆಲಸದ ತಿರುಳು ಸೆಪರೇಷನ್, ಅಂದರೆ ವಿಮಾನಗಳು ಒಂದಕ್ಕೊಂದು ತೀರಾ ಹತ್ತಿರ ಬಾರದಂತೆ ನೆಲದಿಂದ ನೋಡಿಕೊಳ್ಳುವುದು. ಎರಡು ವಿಮಾನಗಳ ನಡುವೆ ಎತ್ತರದಲ್ಲಿ ಸಾಮಾನ್ಯವಾಗಿ 1,000 ಅಡಿ ಇರಬೇಕು. ಒಂದೇ ಎತ್ತರದಲ್ಲಿದ್ದರೆ ರೇಡಾರ್ ಇರುವ ಕಡೆ, ನಿಲ್ದಾಣದ ಆಸುಪಾಸಿನಲ್ಲಿ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್. ದೂರದ ಹಾದಿಯಲ್ಲಿ ಅದು 5 ನಾಟಿಕಲ್ ಮೈಲಿ, ಒಂಬತ್ತು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಇದಕ್ಕಿಂತ ಹತ್ತಿರ ಬಂದರೆ 'ಲಾಸ್ ಆಫ್ ಸೆಪರೇಷನ್' ಎಂದು ದಾಖಲಾಗುತ್ತದೆ. ನಮ್ಮ ಸುದ್ದಿಗಳಲ್ಲಿ ಎಲ್ಲಕ್ಕೂ ಒಂದೇ ಮಾತು: 'ಕೂದಲೆಳೆ ಅಂತರದಲ್ಲಿ ತಪ್ಪಿದ ದುರಂತ'. ನಾಲ್ಕು ಕಿಲೋಮೀಟರ್ ದೂರವಿದ್ದರೂ ಕೂದಲೆಳೆ, ನೂರು ಅಡಿ ಇದ್ದರೂ ಕೂದಲೆಳೆ. ಓದುವವರಿಗೆ ಯಾವುದಕ್ಕೆ ಹೆದರಬೇಕು ಅಂತಲೇ ತಿಳಿಯುವುದಿಲ್ಲ.

ಅದಕ್ಕಿಂತ ನನ್ನನ್ನು ಕಾಡುವುದು 'ತಪ್ಪಿದ' ಎಂಬ ಮಾತು. 2022ರ ಜನವರಿ 7ರ ಬೆಳಗ್ಗೆ ಬೆಂಗಳೂರಿನಲ್ಲಿ ಎರಡು ವಿಮಾನಗಳು ಪಕ್ಕಪಕ್ಕದ ರನ್‌ವೇಗಳಿಂದ ಒಂದೇ ಹೊತ್ತಿಗೆ ಮೇಲೇರಿದವು. ಒಂದು ಕೊಲ್ಕತ್ತಾಕ್ಕೆ, ಇನ್ನೊಂದು ಭುವನೇಶ್ವರಕ್ಕೆ. ಒಂದೇ ರನ್‌ವೇ ಬಳಸೋಣ ಎಂದು ತೀರ್ಮಾನವಾಗಿತ್ತು, ಆದರೆ ಆ ಮಾತು ದಕ್ಷಿಣದ ರನ್‌ವೇ ನೋಡಿಕೊಳ್ಳುವ ಟವರಿನ (ನಿಯಂತ್ರಣ ಗೋಪುರದ) ಕಂಟ್ರೋಲರ್‌ಗೆ ತಲುಪಿರಲಿಲ್ಲ. ಇಲ್ಲಿ ತಪ್ಪಿದ್ದು ಮಾತು ಮುಟ್ಟಿಸುವುದರಲ್ಲಿ, ಜನ ಕಡಿಮೆ ಇದ್ದರು ಎಂದು ನಾನು ಹೇಳುತ್ತಿಲ್ಲ. ವಿಮಾನಗಳು ಒಂದರತ್ತ ಒಂದು ಸಾಗುತ್ತಿರುವುದನ್ನು ಕಂಡದ್ದು ರೇಡಾರ್ ಮುಂದೆ ಕೂತಿದ್ದ ಕಂಟ್ರೋಲರ್. ಕೂಡಲೇ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಹಾಗಿರುವಾಗ ದುರಂತ 'ತಪ್ಪಿತು' ಅನ್ನುವುದು ಸರಿಯೇ? ಒಬ್ಬರು ಅದನ್ನು 'ತಪ್ಪಿಸಿದರು', ಅಲ್ವಾ? 'ತಪ್ಪಿದ' ಅಂದ ಕೂಡಲೇ ಅದು ಅದೃಷ್ಟದ ಲೆಕ್ಕಕ್ಕೆ ಹೋಗುತ್ತದೆ. ಆ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು ಎಂಬುದೇ ವಾಕ್ಯದಿಂದ ಬಿದ್ದುಹೋಗುತ್ತದೆ.

ಸೆಪರೇಷನ್‌ಗೆ 'ಪ್ರತ್ಯೇಕತೆ' ಒಗ್ಗುವುದಿಲ್ಲ. ನನ್ನ ಒಲವು 'ಅಂತರ' ಕಡೆಗೆ. ಕೊರೊನಾ ಕಾಲದಲ್ಲಿ 'ಅಂತರ ಕಾಯ್ದುಕೊಳ್ಳಿ' ಎಲ್ಲರ ಬಾಯಲ್ಲೂ ಕೂತುಬಿಟ್ಟಿದೆ. ಅದರಲ್ಲಿ 'ಕಾಯುವುದು' ಕೂಡ ಇದೆ. ಕಂಟ್ರೋಲರ್ ಮಾಡುವುದು ಅದನ್ನೇ. ಆದರೆ ಅಂತರ ಹೋದಾಗ ಏನನ್ನೋಣ? 'ಅಂತರ ತಪ್ಪಿತು' ಅಂದರೆ ಮೇಲಿನ ದೋಷವೇ ಮರಳಿ ಬರುತ್ತದೆ. 'ಅಂತರ ಮುರಿಯಿತು', 'ಅಂತರ ಕೆಟ್ಟಿತು' ಹೇಗೆ? 'ಅಂತರಭಂಗ' ಮಾತ್ರ ಬೇಡ, ಯಾರೂ ಆಡುವ ಮಾತಲ್ಲ.

ಇನ್ನೊಂದು ತೊಡಕು 'ಕೊರತೆ'ಯದು. ಸಿಬ್ಬಂದಿ ಕೊರತೆ ಅಂದರೆ ನಮಗೆ ಕಾಣುವುದು ಖಾಲಿ ಕುರ್ಚಿ, ತಡವಾದ ವಿಮಾನ. 2025ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸರ್ಕಾರದ ಖರ್ಚಿಗೆ ಮಂಜೂರಾತಿ ಸಿಗದೆ ಕಂಟ್ರೋಲರ್‌ಗಳು ಸಂಬಳವಿಲ್ಲದೆ ದುಡಿಯುತ್ತಿದ್ದರು. ಆಗ ಅಲ್ಲಿನ ವಿಮಾನಯಾನ ಆಡಳಿತ 40 ನಿಲ್ದಾಣಗಳಲ್ಲಿ ಹಾರಾಟ ಕಡಿತ ಮಾಡಿಸಿತು, ಶೇ 4ರಿಂದ ಶುರುಮಾಡಿ. ಪ್ರಯಾಣಿಕರಿಗೆ ತೊಂದರೆಯಾಯಿತು, ನಿಜ. ಆದರೆ ಜನ ಕಡಿಮೆ ಇದ್ದಾಗ ವಿಮಾನಗಳನ್ನೂ ಕಡಿಮೆ ಮಾಡುವುದು ಅಪಾಯ ತಡೆಯುವ ದಾರಿ. ಅಪಾಯ ಹೆಚ್ಚುವುದು ವಿಮಾನಗಳು ಅಷ್ಟೇ ಇದ್ದು, ಹೊತ್ತಿಗೆ ಸರಿಯಾಗಿ ಹಾರುತ್ತಾ, ಇಬ್ಬರ ಕೆಲಸವನ್ನು ಒಬ್ಬರು ನೋಡಿಕೊಳ್ಳುವಾಗ. ಇದಕ್ಕೆ ಕಂಟ್ರೋಲರ್‌ಗಳು 'ಪೊಸಿಷನ್ ಕಂಬೈನ್ ಮಾಡುವುದು' ಅನ್ನುತ್ತಾರೆ.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣದ ಬಳಿ ಸೇನಾ ಹೆಲಿಕಾಪ್ಟರ್ ಮತ್ತು ಇಳಿಯುತ್ತಿದ್ದ ವಿಮಾನ ಡಿಕ್ಕಿಯಾಗಿ 67 ಜನ ಸತ್ತರು. ಆಗ ಟವರಿನಲ್ಲಿ ಹೆಲಿಕಾಪ್ಟರ್ ಮತ್ತು ವಿಮಾನ ಎರಡನ್ನೂ ಒಬ್ಬರೇ ನೋಡುತ್ತಿದ್ದರು. ಅದೊಂದೇ ಕಾರಣವಲ್ಲ. ಅಲ್ಲಿನ ಹೆಲಿಕಾಪ್ಟರ್ ದಾರಿಗೂ ಆ ರನ್‌ವೇಗೆ ಇಳಿಯುವ ದಾರಿಗೂ ಎತ್ತರದಲ್ಲಿ ಬರೀ 75 ಅಡಿ ಉಳಿಯುವ ಸಾಧ್ಯತೆ ಇತ್ತು ಎಂದು ತನಿಖಾ ಮಂಡಳಿ ಹೇಳಿತು. 2002ರ ಜುಲೈ 1ರಂದು ಜರ್ಮನಿಯ ಊಬರ್ಲಿಂಗೆನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ಸತ್ತಾಗ, ಆ ಭಾಗದ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದಲ್ಲಿ ಇಬ್ಬರು ಕಂಟ್ರೋಲರ್‌ಗಳಲ್ಲಿ ಒಬ್ಬರು ವಿಶ್ರಾಂತಿಗೆ ಹೋಗಿದ್ದರು. ಉಳಿದ ಒಬ್ಬರೇ ಎರಡು ಪರದೆ ನೋಡಿಕೊಳ್ಳುತ್ತಿದ್ದರು. ಅಪಾಯ ಅವರ ಕಣ್ಣಿಗೆ ಬಿದ್ದಾಗ ಒಂದು ನಿಮಿಷವೂ ಉಳಿದಿರಲಿಲ್ಲ.

ಹೀಗೆ ಒಬ್ಬರೇ ಇಬ್ಬರ ಕೆಲಸ ನೋಡುವುದಕ್ಕೆ ನಮ್ಮ ಕಚೇರಿಗಳ 'ಹೆಚ್ಚುವರಿ ಪ್ರಭಾರ' ಆದೀತೇ ಎಂದು ಯೋಚಿಸಿದೆ. ಒಬ್ಬ ತಹಶೀಲ್ದಾರ್ ಎರಡು ತಾಲ್ಲೂಕು ನೋಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಅಲ್ಲಿ ಇಂದು ಇಲ್ಲಿ, ನಾಳೆ ಅಲ್ಲಿ ಕೂರಬಹುದು. ಕಂಟ್ರೋಲರ್‌ಗೆ ಎರಡೂ ಅದೇ ಕ್ಷಣದಲ್ಲಿ ಬೇಕು. ಬೇರೆ ಊರಿಂದ ಒಬ್ಬರನ್ನು ವರ್ಗ ಮಾಡಿಸಿ ತಕ್ಷಣ ಕೂರಿಸಲೂ ಆಗದು. ಪ್ರತಿ ಟವರಿಗೂ ಆ ಜಾಗದ ತರಬೇತಿ, ಪರವಾನಗಿ ಬೇರೆಯೇ ಬೇಕು. 'ಜೋಡಿ ಹೊಣೆ' ಎಂದು ಬರೆದು ನೋಡಿದೆ. ಆದರೆ ಅದು ಇಬ್ಬರು ಸೇರಿ ಹೊರುವ ಹೊಣೆ ಅನ್ನಿಸುತ್ತದೆ, ಅರ್ಥವೇ ತಿರುವುಮುರುವು.

ಹಾಗಾಗಿ 'ಅಂತರ'ಕ್ಕೆ ಒಪ್ಪುವ ಕ್ರಿಯಾಪದ ಒಂದು, ಎರಡು ಕುರ್ಚಿಯ ಕೆಲಸ ಒಬ್ಬರ ಮೇಲೆ ಬೀಳುವುದಕ್ಕೆ ಪದ ಒಂದು ಬೇಕಾಗಿದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಟವರ್‌ಗಳಲ್ಲಿ ದುಡಿದ ಕನ್ನಡಿಗರು ಯಾರಾದರೂ ಇದ್ದರೆ, ಪಾಳಿ ಮುಗಿಸಿ ಕಾಫಿ ಕುಡಿಯುವಾಗ ಇದಕ್ಕೆ ನೀವು ನೀವೇ ಏನನ್ನುತ್ತೀರಿ ಎಂದು ದಯವಿಟ್ಟು ತಿಳಿಸಿ. ನಿಘಂಟಿನ ಪದಕ್ಕಿಂತ ನನಗೆ ಅದೇ ಬೇಕು.